ನೆರೆ ಬಂದಾಗ ನೆರೆಯವನು ನಗುವುದೇ?

ಆಟಿ ತಿಂಗಳು ಹಿಡಿಯಿತೆಂದರೆ ನಮ್ಮ ಪೇಟೆಗಳ ಚಹಾದ ಹೋಟೆಲುಗಳಲ್ಲಿ ಒಂದು ಬಗೆಯ ನಗು ಸುರುವಾಗುತ್ತದೆ. ಹೊರಗೆ ಮಾಡಿನ ನೀರು ಧಾರೆಯಾಗಿ ಇಳಿಯುತ್ತಿರುತ್ತದೆ. ಒಳಗೆ ಒದ್ದೆ ಕೊಡೆ ಮಡಚಿಟ್ಟು ಬೆಂಚಿನ ಮೇಲೆ ಕುಳಿತವರು ಒಬ್ಬರ ಊರನ್ನು ಇನ್ನೊಬ್ಬರು ಹೊಳೆಗೆ ದೂಡುತ್ತಿರುತ್ತಾರೆ. "ಕಡಬಕ್ಕೆ ಹೆಣ್ಣು ಕೊಡುವುದಾದರೆ ಮೊದಲು ಈಜು ಕಲಿಸಿ ಕೊಡಿ ಮಾರಾಯ್ರೆ" ಎನ್ನುತ್ತಾನೆ ಪುತ್ತೂರಿನವನು. "ನಿಮ್ಮದು ಬಾಯಿ ಮಾತ್ರ, ಚೆಲ್ಯಡ್ಕದ ಸೇತುವೆ ದಾಟಲಿಕ್ಕೆ ನಿಮಗೆ ದೋಣಿ ಬೇಕು" ಎಂದು ಸುಳ್ಯದವನು ತಿರುಗಿಸಿ ಕೊಡುತ್ತಾನೆ. "ಸುಳ್ಯದವರಿಗೆ ಏನು, ಅವರು ಹುಟ್ಟುವಾಗಲೇ ಕೊಡೆ ಹಿಡಿದುಕೊಂಡು ಹುಟ್ಟಿದವರು" ಎಂದು ಮೂರನೆಯವನು ಮುಗಿಸುತ್ತಾನೆ. ಚಹಾ ಮುಗಿಯುತ್ತದೆ, ಮಳೆ ಮುಗಿಯುವುದಿಲ್ಲ.

ಈ ನಗುವಿನ ಮೇಲೆ ಒಂದು ಲೇಖನ ಬರೆಯಬೇಕೆ ಎಂದು ಓದುಗರು ಕೇಳಬಹುದು. ಬೇಕು, ಸ್ವಾಮಿ. ಏಕೆಂದರೆ ಈ ನಗು ಹೋಟೆಲಿನಲ್ಲಿಯೇ ಉಳಿಯುವುದಿಲ್ಲ. ಅದು ಬಸ್ಸು ಹತ್ತಿ ಮಂಗಳೂರಿಗೆ ಹೋಗುತ್ತದೆ, ಘಟ್ಟ ಹತ್ತಿ ಬೆಂಗಳೂರಿಗೆ ಹೋಗುತ್ತದೆ, ಕಚೇರಿಯ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳುತ್ತದೆ. ಅಲ್ಲಿ ಅದಕ್ಕೆ ನಗೆಚಾಟಿಕೆ ಎಂಬ ಹೆಸರು ಇರುವುದಿಲ್ಲ. "ವಸ್ತುಸ್ಥಿತಿ" ಎಂಬ ಹೆಸರು ಬರುತ್ತದೆ. "ಆ ಕಡೆಯ ಜನಕ್ಕೆ ಮಳೆ ಅಭ್ಯಾಸವೇ ಅಲ್ಲವೆ?" ಎಂದು ಒಬ್ಬರು ಕೇಳಿ, ಇನ್ನೊಬ್ಬರು ತಲೆಯಾಡಿಸಿದರೆಂದರೆ ಒಂದು ಸೇತುವೆಯ ಕಡತ ಇನ್ನೊಂದು ವರ್ಷ ಕಪಾಟಿನೊಳಗೆ ಮಲಗುತ್ತದೆ. ನಾವು ನಕ್ಕ ನಗುವೇ ಅವರ ಕೈಯಲ್ಲಿ ನಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ಮಳೆ ನಮಗೆ ಅಭ್ಯಾಸವೆಂಬುದು ನಿಜ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ. ಬೆಂಗಳೂರಿಗೆ ಸುಮಾರು ಒಂದು ಸಾವಿರ. ಗೊರಬೆ ಹೊದ್ದು ನೇಜಿ ನೆಟ್ಟವರ, ಕೊಳೆರೋಗದ ಹೆದರಿಕೆಯಲ್ಲಿ ಬಿಡುವು ನೋಡಿ ಅಡಿಕೆಗೆ ಮದ್ದು ಬಿಟ್ಟವರ ಮಕ್ಕಳು ನಾವು. ಮಳೆಗೆ ಹೆದರಿದರೆ ಇಲ್ಲಿ ಬದುಕಲಿಕ್ಕಿಲ್ಲ. ಆದರೆ ಮಳೆ ಬೇರೆ, ನೆರೆ ಬೇರೆ. ಮಳೆ ಆಕಾಶದ ಕೆಲಸ. ನೆರೆಯಲ್ಲಿ ಅರ್ಧ ಪಾಲು ಮನುಷ್ಯನದು. ಗುಡ್ಡವನ್ನು ಯಾರು ಹೇಗೆ ಕಡಿದರು, ಸೇತುವೆಯನ್ನು ಎಷ್ಟು ತಗ್ಗಿನಲ್ಲಿ ಕಟ್ಟಿದರು, ಕಿಂಡಿ ಅಣೆಕಟ್ಟಿನ ಹಲಗೆಯನ್ನು ಯಾವಾಗ ತೆಗೆದರು, ಮೋರಿಯ ಹೂಳನ್ನು ಯಾರು ಎತ್ತಲಿಲ್ಲ, ಇವೆಲ್ಲ ದೇವರು ಮಾಡಿದ ಕೆಲಸಗಳಲ್ಲ. ಇವಕ್ಕೆ ಟೆಂಡರು ಇದೆ, ರುಜು ಇದೆ, ಬಿಲ್ಲು ಇದೆ. "ಅಭ್ಯಾಸ" ಎಂಬ ಒಂದು ಮಾತು ಇಷ್ಟನ್ನೂ ಮುಚ್ಚಿಹಾಕುತ್ತದೆ. ಹೊಳೆ ಉಕ್ಕಿದ್ದು ಆ ಊರಿನ ಗುಣವೆಂದೂ, ಮುಳುಗಿದ್ದು ಆ ಜನರ ಸ್ವಭಾವವೆಂದೂ ಅದು ಹೇಳಿಬಿಡುತ್ತದೆ.

ಹೊಸ್ಮಠವನ್ನು ನೋಡಿ. ಉಪ್ಪಿನಂಗಡಿಯಿಂದ ಕಡಬಕ್ಕೂ ಸುಬ್ರಹ್ಮಣ್ಯಕ್ಕೂ ಹೋಗುವ ದಾರಿಯಲ್ಲಿ ಗುಂಡ್ಯ ಹೊಳೆಗೆ ಅಡ್ಡಲಾಗಿದ್ದುದು ಒಂದು ಮುಳುಗು ಸೇತುವೆ. ಹೆಸರೇ ಮುಳುಗು ಸೇತುವೆ! ಮುಳುಗುವುದಕ್ಕಾಗಿಯೇ ಕಟ್ಟಿದ್ದೆಂದ ಮೇಲೆ ಅದು ಮುಳುಗಿದಾಗ ಯಾರನ್ನು ಕೇಳುವುದು? ಮಳೆಗಾಲದಲ್ಲಿ ಹೊಳೆ ಏರಿದಾಗಲೆಲ್ಲ ಇತ್ತ ಬಸ್ಸು ನಿಂತಿತು, ಅತ್ತ ಬಸ್ಸು ನಿಂತಿತು. ನಡುವೆ ಕೆಂಪು ನೀರು. ದೂರದ ಊರಿನವರಿಗೆ ಅದು ನೋಡಲು ಚಂದದ ಚಿತ್ರ. ಕಡಬದ ರೋಗಿಗೆ ಪುತ್ತೂರಿನ ಆಸ್ಪತ್ರೆ ದೂರವಾದ ದಿನ ಅದು. ಕೂಲಿಯವನಿಗೆ ದಿನಗೂಲಿ ಹೋದ ದಿನ. ಜಿನಸಿನ ಅಂಗಡಿಯವನಿಗೆ ಲೋಡು ಬಾರದ ದಿನ. ಈಗ ಅಲ್ಲಿ ಎತ್ತರದ ಸೇತುವೆ ಬಂದಿದೆ, ಸಂತೋಷ. ಆದರೆ ಅದು ಬರುವ ಮೊದಲು ಎಷ್ಟು ಮಳೆಗಾಲಗಳ ಕಾಲ ನಾವೇ ಆ ಊರನ್ನು "ದ್ವೀಪ" ಎಂದು ಕರೆದು ನಕ್ಕಿದ್ದೆವು! ಪುತ್ತೂರು ಕಡೆಯ ಚೆಲ್ಯಡ್ಕದ ಮುಳುಗು ಸೇತುವೆಯ ಕತೆಯೂ ಅಂಥದೇ. ಅದು ಮುಳುಗಿದಾಗಲೆಲ್ಲ ಸುತ್ತಿನ ಹಳ್ಳಿಯವರು ಬಳಸು ದಾರಿ ಹಿಡಿದರು, ಪೇಟೆಯವರು ಸುದ್ದಿ ಹೇಳಿಕೊಂಡು ನಕ್ಕರು.

ನಗಬಾರದೆಂದು ನಾವು ಹೇಳುತ್ತಿಲ್ಲ. ನಗದೆ ಬಡವನು ಬದುಕುವುದು ಹೇಗೆ? ಮೊಣಕಾಲು ನೀರಿನಲ್ಲಿ ನಿಂತು ಅಕ್ಕಿಯ ಗೋಣಿಯನ್ನು ಅಟ್ಟಕ್ಕೆ ಏರಿಸುತ್ತಿರುವ ಅಂಗಡಿಯವನು "ಇವತ್ತು ಗಿರಾಕಿಗಿಂತ ಮೀನು ಹೆಚ್ಚು ಬಂತು" ಎಂದರೆ ಅದು ಗಂಡುನಗೆ. ಅದಕ್ಕೆ ನಾವು ಕೈಮುಗಿಯುತ್ತೇವೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಉಕ್ಕಿ ಸಹಸ್ರಲಿಂಗೇಶ್ವರನ ದೇವಸ್ಥಾನದ ಮುಂದೆ ಕೂಡಿಕೊಳ್ಳುವುದನ್ನು "ಸಂಗಮ" ಎಂದು ಕಾದು ನಿಂತು ಪೂಜೆ ಮಾಡುವ ಜನವೂ ನಮ್ಮವರೇ. ಅದೇ ಹೊತ್ತಿಗೆ ತಗ್ಗಿನ ಮನೆಯ ಪಾತ್ರೆ ಪಗಡಿ ಸಾಗಿಸುವುದಕ್ಕೆ ಸೊಂಟ ಕಟ್ಟುವವರೂ ಅವರೇ. ಆ ಸಂಭ್ರಮದಲ್ಲಿ ತಪ್ಪಿಲ್ಲ. ನೀರಿನೊಳಗೆ ನಿಂತವನ ನಗು ಧೈರ್ಯ. ಜಗಲಿಯ ಮೇಲೆ ಒಣ ಪಂಚೆ ಉಟ್ಟು ಕುಳಿತವನ ನಗು ಬೇರೆ ಜಾತಿಯದು. ನಮ್ಮ ಆಕ್ಷೇಪಣೆ ಆ ಎರಡನೆಯದಕ್ಕೆ.

ಈ ಜಗಲಿಯ ನಗುವಿಗೆ ನೆನಪು ಕಡಿಮೆ. ಅದಕ್ಕಾಗಿ ಸ್ವಲ್ಪ ನೆನಪಿಸಬೇಕಾಗಿದೆ. 1923ರಲ್ಲಿ ನೇತ್ರಾವತಿ ಉಕ್ಕಿ ಉಪ್ಪಿನಂಗಡಿಯಿಂದ ಬಂಟ್ವಾಳ, ಪಾಣೆಮಂಗಳೂರಿನ ತನಕ ದಡವನ್ನೆಲ್ಲ ನುಂಗಿದ್ದನ್ನು ಹಳಬರು ಮಾರಿಬೊಳ್ಳ ಎಂದರು. 1974ರಲ್ಲಿ ಮತ್ತೆ ಅಂಥದೇ ನೆರೆ. ಮಾರಿ ಎಂಬ ಹೆಸರನ್ನು ನಮ್ಮ ಅಜ್ಜಂದಿರು ತಮಾಷೆಗಾಗಿ ಇಟ್ಟದ್ದಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡಗಳು ಕುಸಿದಾಗ ಕೊಡಗಿನ ಆ ಕಡೆಯ ಜನ ಉಟ್ಟ ಬಟ್ಟೆಯಲ್ಲಿ ಇತ್ತ ಇಳಿದು ಬಂದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಶಿಬಿರಗಳಲ್ಲಿ ಆಶ್ರಯ ಪಡೆದರು. ಪಯಸ್ವಿನಿ ಮಣ್ಣು ತುಂಬಿ ಹರಿಯಿತು. 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು ಕಡೆಗೆ ಸುರಿದ ಮಳೆಗೆ ಸುಬ್ರಹ್ಮಣ್ಯದಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿತ್ತು. ಇಬ್ಬರು ಹೆಣ್ಣುಮಕ್ಕಳು, ಅಕ್ಕತಂಗಿಯರು, ಮಣ್ಣಿನಡಿಯಾದರು. ಹರಿಹರದಲ್ಲಿ ಸೇತುವೆಗೆ ಮರದ ದಿಮ್ಮಿಗಳು ಬಂದು ಸಿಕ್ಕಿಕೊಂಡು ಹೊಳೆ ಅಂಗಡಿಗಳಿಗೆ ನುಗ್ಗಿತು. ಅದಾಗಿ ವಾರ ತುಂಬಿದ ಮೇಲೆ ಉಡುಪಿ ಜಿಲ್ಲೆಯ ಬೈಂದೂರು ಕಡೆಯಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಳು.

ಕಾಲುಸಂಕವೆಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಎರಡೋ ಮೂರೋ ಅಡಿಕೆಮರ, ಕೈಗೆ ಹಿಡಿಯಲು ಒಂದು ಬಿದಿರು, ಅಡಿಯಲ್ಲಿ ತೋಡು. ಪಾಚಿ ಕಟ್ಟಿದ ಆ ಮರದ ಮೇಲೆ ಪುಸ್ತಕದ ಚೀಲ ಹೊತ್ತ ಮಗು ನಡೆಯುತ್ತಿರುವ ಚಿತ್ರ ಮೊಬೈಲಿನಲ್ಲಿ ಬಂದರೆ ಪಟ್ಟಣದವರು "ಆಹಾ, ಮಲೆನಾಡಿನ ಸೊಬಗು!" ಎನ್ನುತ್ತಾರೆ. ಇದೂ ಒಂದು ಬಗೆಯ ಹಾಸ್ಯವೇ. ಮುಳುಗಿದ ಸ್ನಾನಘಟ್ಟವನ್ನು ಪ್ರತಿ ವರ್ಷವೂ ಅದೇ ಕೋನದಿಂದ ತೋರಿಸಿ, "ಕುಮಾರಧಾರೆಯ ರುದ್ರನರ್ತನ" ಎಂದು ಅರಚುವ ಟಿ.ವಿ.ಯವರದ್ದೂ ಅದೇ ಜಾತಿ. ನೆರೆಯನ್ನು ನೋಟವಾಗಿ ಮಾಡಿದ ಮೇಲೆ ಅಲ್ಲಿರುವ ಮನುಷ್ಯ ಕಾಣಿಸುವುದಿಲ್ಲ.

ಆ ಮನುಷ್ಯ ಯಾರು? ಗೇರುಬೀಜದ ಫ್ಯಾಕ್ಟರಿಗೆ ಬೆಳಗ್ಗಿನ ಬಸ್ಸು ಹಿಡಿಯುವ ಹೆಂಗಸು. ಬೀಡಿ ಕಟ್ಟಿ ಬ್ರಾಂಚಿಗೆ ಕೊಡುವ ತಾಯಿ. ಆಟಿಯ ತಂಡಿಗೆ ಎಲೆ ಮುಗ್ಗಿದರೆ ಅವಳ ಕಟ್ಟು ಹಿಂದಕ್ಕೆ ಬರುತ್ತದೆ, ದುಡಿದ ದುಡಿಮೆ ನೀರಿಗೆ ಹೋಗುತ್ತದೆ. ಅಕ್ಕಿಮಿಲ್ಲಿನಲ್ಲಿ ಮೂಟೆ ಹೊರುವವನು. ರಬ್ಬರು ಟ್ಯಾಪಿಂಗ್ ಮಾಡುವವನು. ಮಳೆ ಬಿಡದೆ ಹಿಡಿದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಕೆಲಸವಿಲ್ಲ. ಹೊಳೆಬದಿಯ ಪೇಟೆಯಲ್ಲಿ ಬಾಡಿಗೆಯ ಕೋಣೆಯಲ್ಲಿ ಜಿನಸಿನ ಅಂಗಡಿ, ಹೊಲಿಗೆಯ ಅಂಗಡಿ, ಗೂಡಂಗಡಿ ಇಟ್ಟವನು. ಕೆಂಪು ಎಚ್ಚರಿಕೆ ಎಂದು ಹವಾಮಾನದವರು ಹೇಳಿದ ದಿನ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುತ್ತಾರೆ. ಒಳ್ಳೆಯದು, ಸಾರಲೇಬೇಕು. ಆದರೆ ಮಗುವಿಗೆ ಅಪಾಯವೆಂದು ಸರಕಾರವೇ ಒಪ್ಪಿಕೊಂಡ ಅದೇ ದಾರಿಯಲ್ಲಿ ಅದೇ ದಿನ ಆ ಮಗುವಿನ ತಾಯಿ ಕೆಲಸಕ್ಕೆ ಹೋಗಬೇಕು. ಹೋಗದಿದ್ದರೆ ಕೂಲಿ ಇಲ್ಲ. ಮಗುವಿಗೆ ರಜೆ, ತಾಯಿಗೆ ನಷ್ಟ. ಇದರ ಮೇಲೆ ಯಾರೂ ಹಾಸ್ಯ ಕಟ್ಟಿದ್ದನ್ನು ನಾವು ಕೇಳಿಲ್ಲ.

ಇನ್ನು ಪರಿಹಾರದ ಮಾತು. ವಿಪತ್ತು ಪರಿಹಾರದ ಸರಕಾರಿ ಪಟ್ಟಿಯಲ್ಲಿ ಸತ್ತವನಿಗೆ ನಾಲ್ಕು ಲಕ್ಷ ರೂಪಾಯಿ ಇದೆ, ಬಿದ್ದ ಮನೆಗೆ ಇಷ್ಟು, ಸತ್ತ ಹಸುವಿಗೆ ಇಷ್ಟು, ಬೆಳೆಗೆ ಹೆಕ್ಟೇರಿಗೆ ಇಷ್ಟು ಎಂದು ಇದೆ. ಕೈಕಸುಬಿನವನ ಹತ್ಯಾರಿಗೂ ಅಷ್ಟಿಷ್ಟು ಇದೆ. ಆದರೆ ಚಿಕ್ಕ ವ್ಯಾಪಾರಿಯ ಕಪಾಟಿನಲ್ಲಿ ನೆನೆದು ಹೋದ ಸಕ್ಕರೆ, ಅಕ್ಕಿ, ಬಟ್ಟೆಗೆ ಅದರಲ್ಲಿ ಕಲಮು ಇಲ್ಲ. ಅಂಗಡಿಯವನೆಂದರೆ ಶ್ರೀಮಂತನೆಂದು ಆ ಪಟ್ಟಿ ಮಾಡಿದವರು ತಿಳಿದಂತಿದೆ. ಸಾಲದ ಸರಕು, ಬಾಡಿಗೆಯ ಗೋಡೆ, ವಿಮೆ ಇಲ್ಲದ ಕಪಾಟು, ಇದು ಅವನ ಶ್ರೀಮಂತಿಕೆ. ಹರಿಹರದ ಅಂಗಡಿಗಳಿಗೆ ನೀರು ನುಗ್ಗಿದ ಸುದ್ದಿ ಓದಿ "ಪಾಪ" ಎಂದು ಪುಟ ತಿರುಗಿಸಿದ ಪುತ್ತೂರಿನ ವ್ಯಾಪಾರಿಗೆ ನಾವು ಕೇಳುತ್ತೇವೆ: ನಾಳೆ ನಿಮ್ಮ ಮೋರಿ ಕಟ್ಟಿಕೊಂಡರೆ ನಿಮಗೆ ಯಾವ ಕಲಮು ಇದೆ?

ಹಣ್ಣೆಲೆ ಉದುರುವಾಗ ಕಾಯೆಲೆ ನಕ್ಕಿತೆಂಬ ಗಾದೆ ನಮ್ಮಲ್ಲಿದೆ. ನೆರೆಯ ವಿಷಯದಲ್ಲಿ ಆ ಗಾದೆಗೆ ಕಾಯುವಷ್ಟು ವ್ಯವಧಾನವೂ ಇಲ್ಲ. ಸುಬ್ರಹ್ಮಣ್ಯದಲ್ಲಿ ಸ್ನಾನಘಟ್ಟವನ್ನು ಮುಳುಗಿಸಿದ ನೀರೇ ಕಡಬದ ಗ್ರಾಮಗಳನ್ನು ಹಾಯ್ದು ಉಪ್ಪಿನಂಗಡಿಗೆ ಬರುವುದು. ಅದೇ ನೇತ್ರಾವತಿಯನ್ನು ಕೂಡಿ ಬಂಟ್ವಾಳಕ್ಕೆ, ಅದೇ ಮಂಗಳೂರಿಗೆ. ಸುಳ್ಯದ ಪಯಸ್ವಿನಿ ಗಡಿ ದಾಟಿ ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿಗೆ ಹೋಗುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಎಳೆದವರು ಹೊಳೆಯನ್ನು ಕೇಳಲಿಲ್ಲ, ಹೊಳೆಯೂ ಅವರನ್ನು ಕೇಳುವುದಿಲ್ಲ. ಕಡಬ ತಾಲೂಕನ್ನೇ ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಬಿಡಿಸಿ ಮಾಡಿದ್ದು. ನಿನ್ನೆ ಒಂದೇ ಕಂದಾಯ ರಸೀದಿಯವರಾಗಿದ್ದವರು ಇಂದು ಬೋರ್ಡು ಬದಲಾಯಿತೆಂದು ಒಬ್ಬರ ಊರನ್ನೊಬ್ಬರು ನಗುವುದೆಂದರೇನು?

ಇನ್ನೊಂದು ದೊಡ್ಡ ನಗುವಿದೆ. ಅದು ಘಟ್ಟದ ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಹೋಗಿ ಬರುವಂಥದು. ಮೇಲಿನವರಿಗೆ ನಾವು "ಬುದ್ಧಿವಂತರ ಜಿಲ್ಲೆ"ಯವರು. ಕೇಳಲು ಹೊಗಳಿಕೆ, ಒಳಗೆ ಚುಚ್ಚು. ಸಿನಿಮಾದಲ್ಲಿ ನಗಿಸಬೇಕಾದಾಗ ನಮ್ಮ ಕನ್ನಡ ಬೇಕು. ಒಬ್ಬ ಹೋಟೆಲಿನವನೋ ಭಟ್ಟನೋ ಬಂದು "ಎಂತ ಮಾರಾಯ್ರೆ" ಎಂದರೆ ಟಾಕೀಸು ಗೊಳ್ಳೆನ್ನಬೇಕು. ಆ ಬುದ್ಧಿವಂತರ ಊರಿನಲ್ಲಿ ಸೇತುವೆ ಏಕಿಲ್ಲವೆಂದರೆ, "ಅವರು ಬುದ್ಧಿವಂತರು, ಏನಾದರೂ ಮಾಡಿಕೊಳ್ಳುತ್ತಾರೆ"! ಹೊಗಳಿಕೆಯೂ ಒಂದು ಕಡತ ಮುಚ್ಚುವ ಉಪಾಯವಾಗಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಎತ್ತಿನಹೊಳೆಯ ಜಗಳದಲ್ಲಿ ಈ ನಗು ಎರಡೂ ಕಡೆಯಿಂದ ವಿಷವಾಯಿತು. ಗುಂಡ್ಯ ಹೊಳೆಯ ಮೂಲದ ತೊರೆಗಳಿಂದ 24 ಟಿ.ಎಂ.ಸಿ. ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲಿನ ಜಿಲ್ಲೆಗಳಿಗೆ ಒಯ್ಯುವ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿತ್ತು, 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. "ಸಮುದ್ರಕ್ಕೆ ಹೋಗಿ ಪೋಲಾಗುವ ನೀರು, ವರ್ಷವಿಡೀ ಮುಳುಗುವವರಿಗೆ ಅದೇಕೆ?" ಎಂದು ಅಲ್ಲಿನವರು ಚುಡಾಯಿಸಿದರು. ಮುಳುಗುವವರಿಗೆ ಬೇಸಗೆಯೂ ಇದೆಯೆಂದು ಅವರಿಗೆ ಗೊತ್ತಿಲ್ಲ. 2019ರ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ, ಧರ್ಮಸ್ಥಳಕ್ಕೆ ಬರುವ ಭಕ್ತರು ಪ್ರವಾಸವನ್ನು ಮುಂದೂಡಬೇಕೆಂದು ಧರ್ಮಾಧಿಕಾರಿಗಳೇ ಕೇಳಿಕೊಳ್ಳಬೇಕಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಅದೇ ಬೆಳ್ತಂಗಡಿ ತಾಲೂಕಿನಲ್ಲಿ ನೆರೆ ಬಂದು ಮನೆ, ತೋಟ, ಸೇತುವೆಗಳು ಕೊಚ್ಚಿಹೋದವು. ಮೂರು ತಿಂಗಳ ಅಂತರದಲ್ಲಿ ಒಂದೇ ಹೊಳೆಯ ಬರ ಮತ್ತು ನೆರೆ! ಇತ್ತ ನಮ್ಮವರೂ ಕಡಿಮೆ ಮಾಡಲಿಲ್ಲ. "ಘಟ್ಟದವರು ನೀರು ಕದಿಯುವವರು" ಎಂದರು. ಕೋಲಾರದ ಬಡವನು ಫ್ಲೋರೈಡು ತುಂಬಿದ ಕೊಳವೆಬಾವಿಯ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡದ್ದನ್ನು ನೆನೆಯಲಿಲ್ಲ. ಯೋಜನೆ ಸರಿಯೋ ತಪ್ಪೋ ಎಂಬುದನ್ನು ಲೆಕ್ಕ ಹಾಕಿ ವಾದಿಸಬೇಕು, ವಾದಿಸೋಣ. ಆದರೆ ಕುಹಕ ಲೆಕ್ಕವಲ್ಲ. ಎರಡೂ ಕಡೆಯ ಬಡವರು ಪರಸ್ಪರ ಹಲ್ಲು ಕಿರಿಯುತ್ತಿದ್ದಾಗ ಪೈಪು ಹಾಕುವವನು ಬಿಲ್ಲು ಬರೆಯುತ್ತಿದ್ದನು.

ನಾವು ಘಟ್ಟದವರ ಮೇಲೆ ನಗುವುದನ್ನೂ ಹೇಳಿಯೇ ಮುಂದೆ ಹೋಗಬೇಕು. ಇಲ್ಲದಿದ್ದರೆ ಈ ಲೇಖನ ಏಕಪಕ್ಷವಾದೀತು. ನಮ್ಮ ಪೇಟೆಗಳಲ್ಲಿ ಗಾರೆ ಕೆಲಸ, ಅಗೆತದ ಕೆಲಸ ಮಾಡುವವರು ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದವರು. ಅವರನ್ನೆಲ್ಲ ಒಂದೇ ಮಾತಿನಲ್ಲಿ "ಘಟ್ಟದವರು" ಎಂದು ಕರೆದು, ಅವರ ಮಾತನ್ನು ಅಣಕಿಸಿ ನಗುವವರು ನಮ್ಮಲ್ಲಿಯೂ ಬೇಕಾದಷ್ಟಿದ್ದಾರೆ. "ಅವರಿಗೆ ಮಳೆಯೇ ಗೊತ್ತಿಲ್ಲ" ಎಂಬುದು ನಮ್ಮ ದೊಡ್ಡ ಹಾಸ್ಯ. 2009ರ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಬಿದ್ದ ಮಳೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೇ ಮುಳುಗಿ ಇನ್ನೂರಕ್ಕೂ ಮಿಕ್ಕಿ ಜನ ಸತ್ತರು. 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಮತ್ತೆ ಊರುಗಳನ್ನು ನುಂಗಿದವು. ಅವರಿಗೆ ಮಳೆ ಗೊತ್ತಿದೆ, ಸ್ವಾಮಿ; ನಿಮಗಿಂತ ಚೆನ್ನಾಗಿ ಗೊತ್ತಿದೆ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ದುಡಿಯುವ ತಮಿಳರು 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಇಷ್ಟು ವರ್ಷ ಇಲ್ಲಿಯ ಮಳೆಯಲ್ಲಿ ನೆನೆದ ಮೇಲೂ ಅವರು ನಮ್ಮ ಹಾಸ್ಯದಲ್ಲಿ ಇನ್ನೂ ಹೊರಗಿನವರೇ!

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ ಕಂಪ್ಯೂಟರು ಕಂಪೆನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಚಿತ್ರ ಬಂದಾಗ ನಮ್ಮ ಹೋಟೆಲುಗಳಲ್ಲಿ ಎಷ್ಟು ನಗು! "ಈಗ ಗೊತ್ತಾಯಿತೇ ಅವರಿಗೆ?" ಎಂದು ತೊಡೆ ತಟ್ಟಿದವರನ್ನು ನಾವು ಕಂಡಿದ್ದೇವೆ. ಆ ಟ್ರ್ಯಾಕ್ಟರಿನಲ್ಲಿ ಪುತ್ತೂರಿನ ಹುಡುಗರೂ ಸುಳ್ಯದ ಹುಡುಗಿಯರೂ ಇರಬಹುದೆಂಬುದು ಯಾರಿಗೂ ಹೊಳೆಯಲಿಲ್ಲ. ದೊಡ್ಡ ಬಂಗಲೆಯ ನೆಲಮಾಳಿಗೆಗೆ ನುಗ್ಗಿದ ನೀರು ಚಿತ್ರದಲ್ಲಿ ಬಂತು. ಆ ಬಂಗಲೆಯಲ್ಲಿ ಪಾತ್ರೆ ತೊಳೆಯುವವಳ ತಗಡಿನ ಜೋಪಡಿಗೆ ನುಗ್ಗಿದ ನೀರು ಅಷ್ಟು ಬರಲಿಲ್ಲ. ಕೆರೆ ಮುಚ್ಚಿ, ರಾಜಕಾಲುವೆಯ ಮೇಲೆ ಕಟ್ಟಡ ಎಬ್ಬಿಸಿದವರಿಗೆ ನಮ್ಮ ನಗು ತಾಗಲೇ ಇಲ್ಲ. ಅವರು ಒಣ ಮನೆಯಲ್ಲಿ ಕುಳಿತು ನಮ್ಮೊಂದಿಗೆ ತಾವೂ ನಕ್ಕರು.

ಇದು ನಮ್ಮ ನಾಡಿನ ಚಾಳಿ ಮಾತ್ರವೆಂದು ತಿಳಿಯಬೇಡಿ. ನಮ್ಮನ್ನು ಆಳಿ ಹೋದ ಇಂಗ್ಲೆಂಡಿನಲ್ಲಿಯೂ ಇದುಂಟು. ಅಲ್ಲಿಯ ಪೂರ್ವಭಾಗದ ತಗ್ಗು ಜೌಗುನಾಡಿನವರಿಗೆ ಬಾತುಕೋಳಿಯಂತೆ ಬೆರಳು ಕೂಡಿಕೊಂಡ ಪಾದಗಳಿವೆ ಎಂಬುದು ಹಳೆಯ ಹಾಸ್ಯ. ನಮ್ಮವರು ಕಡಬದವನಿಗೆ ಈಜು ಕಲಿಸಿದ ಹಾಗೆಯೇ! 2007ರಲ್ಲಿ ಉತ್ತರದ ಹಲ್ ಎಂಬ ಬಂದರು ಪಟ್ಟಣದಲ್ಲಿ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ರಾಜಧಾನಿಯ ಗಮನ ಅತ್ತ ಹರಿಯದಿದ್ದಾಗ, ತಮ್ಮದು ಮರೆತುಹೋದ ನಗರವೆಂದು ಅಲ್ಲಿಯ ನಗರಸಭೆಯ ಮುಖಂಡರೇ ಹೇಳಬೇಕಾಯಿತು. 2013–14ರ ಚಳಿಗಾಲದಲ್ಲಿ ನೈಋತ್ಯದ ಸಾಮರ್ಸೆಟ್ ಬಯಲು ಮುಳುಗಿ, ಮಚೆಲ್ನಿ ಎಂಬ ಹಳ್ಳಿ ವಾರಗಟ್ಟಲೆ ದ್ವೀಪವಾಯಿತು. ನದಿಯ ಹೂಳೆತ್ತಿ ವರ್ಷಗಳಾದವೆಂದು ರೈತರು ಕೂಗಿಕೊಂಡರು. ಫೆಬ್ರವರಿಯಲ್ಲಿ ಥೇಮ್ಸ್ ನದಿ ಉಕ್ಕಿ ಲಂಡನಿನ ಆಸುಪಾಸಿನ ಅನುಕೂಲಸ್ಥರ ಮನೆಗಳಿಗೂ ನೀರು ಬಂದಿತು. ಆ ದಿನಗಳಲ್ಲಿಯೇ ಪ್ರಧಾನಿ ಕ್ಯಾಮರನ್‌ರವರು ಪರಿಹಾರ ಕಾರ್ಯಕ್ಕೆ ಹಣದ ಪ್ರಶ್ನೆಯೇ ಇಲ್ಲವೆಂದು ಸಾರಿದರು. ಹಲ್‌ನವರಿಗೂ ಸಾಮರ್ಸೆಟ್‌ನವರಿಗೂ ಆ ಮಾತು ಕೇಳಿ ಹೇಗಾಗಿರಬಹುದೆಂದು ಕಡಬದವರಿಗೆ ವಿವರಿಸಬೇಕಾಗಿಲ್ಲ. ದೂರದವರು ಮುಳುಗಿದರೆ ಸ್ವಭಾವ, ಹತ್ತಿರದವರು ಮುಳುಗಿದರೆ ವಿಪತ್ತು. ಬಿಳಿಯರ ನಾಡಿನಲ್ಲಿಯೂ ಲೆಕ್ಕ ಇಷ್ಟೇ.

ದೂರದವನಿಗೆ ನಗೆಯ ಹೆಸರಿಟ್ಟು ಅವನ ಕೂಗನ್ನು ಕೆಡಿಸುವುದು ಇಂದಿನ ವಿದ್ಯೆಯಲ್ಲ. 1837ರಲ್ಲಿ ಸುಳ್ಯದ ಕಡೆಯ ರೈತರು ಕಂಪೆನಿ ಸರಕಾರದ ವಿರುದ್ಧ ಎದ್ದು, ಪುತ್ತೂರು ದಾರಿಯಾಗಿ ಮಂಗಳೂರಿಗೆ ನಡೆದು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಸೋತ ಮೇಲೆ ಅದಕ್ಕೆ ಉಳಿದ ಹೆಸರೇನು? "ಕಲ್ಯಾಣಪ್ಪನ ಕಾಟಕಾಯಿ"! ಕಂದಾಯದ ಭಾರಕ್ಕೆ ಬೆನ್ನು ಮುರಿದವರ ದಂಗೆ, ಕಾಡಿನ ಕಡೆಯವರ ದೊಂಬಿ ಎನಿಸಿಕೊಂಡಿತು. ನೂರಾರು ವರ್ಷ ಆ ಹೆಸರನ್ನು ನಮ್ಮ ಬಾಯಿಯಿಂದಲೇ ಹೇಳಿಸಿದರು. ಇಂದು ಅದೇ ಊರಿನವರು ಸೇತುವೆ ಕೇಳಿದರೆ "ಕೊಡೆ ಹಿಡಿದು ಹುಟ್ಟಿದವರು" ಎನ್ನುವುದು ಅದೇ ವಿದ್ಯೆಯ ಮರಿ.

ನಗುವವರಿಗೆ ಸುಳ್ಯದವರು ಕೊಟ್ಟ ಉತ್ತರವೂ ಒಂದಿದೆ. ಅದು ಬಾಯಿಂದ ಕೊಟ್ಟದ್ದಲ್ಲ. ಅರಂಬೂರಿನಲ್ಲಿ ಪಯಸ್ವಿನಿ ದಾಟಲು ದಾರಿಯಿಲ್ಲದ ಊರವರು ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರ ಬಳಿಗೆ ಹೋದರು. 1989ರಲ್ಲಿ ಊರವರ ದುಡಿಮೆಯೂ ಎಂಜಿನಿಯರರ ಲೆಕ್ಕವೂ ಸೇರಿ ಅಲ್ಲಿ ತೂಗುಸೇತುವೆ ನಿಂತಿತು. ಅಲ್ಲಿಂದ ಮುಂದೆ ಅವರು ಕರ್ನಾಟಕದಲ್ಲಿಯೂ ಹೊರಗಿನ ರಾಜ್ಯಗಳಲ್ಲಿಯೂ ನೂರಕ್ಕೂ ಮಿಕ್ಕಿ ತೂಗುಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಕೊಟ್ಟ ಸರಕಾರಕ್ಕೆ ನಮಸ್ಕಾರ. ಆದರೆ ಊರವರು ತಾವೇ ಕಟ್ಟಿಕೊಂಡರೆಂಬುದು ಊರವರ ಹಿರಿಮೆ. ಅದು ಸರಕಾರದ ರಜಾಚೀಟಿಯಾಗಬಾರದು. ತೂಗುಸೇತುವೆಯ ಮೇಲೆ ಮನುಷ್ಯ ನಡೆಯಬಹುದು, ಅಂಬುಲೆನ್ಸು ಬರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನಗುವುದಕ್ಕೆ ಖರ್ಚಾಗುವಷ್ಟೇ ಹೊತ್ತಿನಲ್ಲಿ ಮಾಡಬಹುದಾದ ಕೆಲಸಗಳು ಇವೆ. ಮಳೆಗಾಲದ ಮೊದಲಿನ ಗ್ರಾಮಸಭೆಗೆ ಹೋಗಿ; ನಿಮ್ಮ ಗ್ರಾಮದ ಒಂದೊಂದು ಕಾಲುಸಂಕವನ್ನೂ, ಅದರ ಮೇಲೆ ನಡೆಯುವ ಶಾಲೆಯ ಮಕ್ಕಳ ಲೆಕ್ಕವನ್ನೂ ಹೇಳಿ ನಡಾವಳಿಯಲ್ಲಿ ಬರೆಯಿಸಿ. ಬಾಯಲ್ಲಿ ಹೇಳಿದ್ದು ಮಳೆಗೆ ತೊಳೆದುಹೋಗುತ್ತದೆ, ನಡಾವಳಿಯಲ್ಲಿ ಬರೆದದ್ದು ಉಳಿಯುತ್ತದೆ. ಮೇ ತಿಂಗಳು ಮುಗಿಯುವ ಮುನ್ನ ಕಿಂಡಿ ಅಣೆಕಟ್ಟುಗಳ ಹಲಗೆ ತೆಗೆದಿದ್ದಾರೆಯೇ, ಸೇತುವೆಯ ಕಣ್ಣುಗಳಲ್ಲಿ ಸಿಕ್ಕಿದ ಮರ ತೆಗೆದಿದ್ದಾರೆಯೇ ಎಂದು ಹೋಗಿ ನೋಡಿ. ವ್ಯಾಪಾರಿ ಮಿತ್ರರೇ, ಮೂರು ತಾಲೂಕಿನ ಪೇಟೆಗಳವರೂ ಒಟ್ಟಾಗಿ, ನೆರೆಗೆ ಹೋದ ಚಿಕ್ಕ ಅಂಗಡಿಯ ಸರಕಿಗೆ ಪರಿಹಾರದ ಪಟ್ಟಿಯಲ್ಲಿ ಕಲಮು ಸೇರಿಸಬೇಕೆಂದು ಒಂದೇ ಅರ್ಜಿ ಬರೆಯಿರಿ. ಪುತ್ತೂರಿನ ಅರ್ಜಿಯಲ್ಲಿ ಹರಿಹರದ ಅಂಗಡಿಯವನ ರುಜು ಇರಲಿ. ಕಾರ್ಮಿಕ ಬಂಧುಗಳೇ, ಶಾಲೆಗೆ ರಜೆ ಸಾರಿದ ದಿನ ದಾರಿ ಕಟ್ಟಿ ತಪ್ಪಿದ ಕೂಲಿಯನ್ನು ಕೊಡಬೇಕೆಂದು ಮಾಲಿಕರನ್ನೂ ಸರಕಾರವನ್ನೂ ಕೇಳಿರಿ. ಒಂದು ಮಿಲ್ಲಿನವರು ಕೇಳಿದರೆ ಅದು ಗಲಾಟೆ. ಮೂರು ತಾಲೂಕಿನವರು ಕೇಳಿದರೆ ಅದು ಬೇಡಿಕೆ.

ಹಾಸ್ಯಗಾರ ಮಹಾಶಯರಿಗೆ ಒಂದು ಮಾತು. ನಿಮ್ಮ ಹಾಸ್ಯ ನಮಗೆ ಬೇಕು. ಆದರೆ ಅದನ್ನು ತಿರುಗಿಸಿ ಹಿಡಿಯಿರಿ. ಮುಳುಗಿದವನ ಮೇಲೆ ಹಾಸ್ಯ ಕಟ್ಟುವುದಕ್ಕೆ ಬುದ್ಧಿ ಬೇಡ. ನೀರೇ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ. ಮುಳುಗುವ ಸೇತುವೆಗೆ ಹಣ ಮಂಜೂರು ಮಾಡಿದವನ ಮೇಲೆ ಕಟ್ಟಿ. ಬೇಸಗೆಯಲ್ಲಿ ಬಂದು ಹೊಳೆಯಲ್ಲಿ ನೀರೇ ಇಲ್ಲವೆಂದು ಬರೆದುಕೊಂಡು ಹೋದ ಸಾಹೇಬರ ಮೇಲೆ ಕಟ್ಟಿ. ನೆರೆ ಇಳಿದ ಮೇಲೆ ಒಣಗಿದ ದಾರಿಯಲ್ಲಿ ಕಾರಿನ ಗಾಜು ಇಳಿಸದೆ ವೀಕ್ಷಣೆ ಮಾಡಿ, ಪ್ರವಾಸಿ ಬಂಗಲೆಯಲ್ಲಿ ಉಂಡು, ಕತ್ತಲಾಗುವ ಮುನ್ನ ಘಟ್ಟ ಹತ್ತಿದ ಪುಢಾರಿಯ ಮೇಲೆ ಕಟ್ಟಿ. ಆಗ ನೋಡಿ, ಮೂರು ತಾಲೂಕಿನವರೂ ಒಂದೇ ಬೆಂಚಿನಲ್ಲಿ ಕುಳಿತು ನಗುತ್ತಾರೆ. ಘಟ್ಟದ ಮೇಲಿನವರಿಗೂ ಆ ನಗು ಅರ್ಥವಾಗುತ್ತದೆ.

ನಮ್ಮ ಕನ್ನಡದಲ್ಲಿ ನೆರೆ ಎಂದರೆ ಉಕ್ಕಿ ಬರುವ ನೀರು. ನೆರೆ ಎಂದರೆ ಪಕ್ಕದ ಮನೆ. ಒಂದೇ ಮಾತಿಗೆ ಎರಡು ಅರ್ಥವಿಟ್ಟ ಹಿರಿಯರು ಏನು ಯೋಚಿಸಿದ್ದರೋ ಬಲ್ಲವರು ಹೇಳಲಿ. ಮೊದಲನೆಯ ನೆರೆ ಬಂದಾಗ ಕೈಗೆ ಸಿಗುವುದು ಎರಡನೆಯ ನೆರೆಯೊಂದೇ ಎಂಬುದನ್ನು ನಾವು ಬಲ್ಲೆವು. ಸಂಪಾಜೆಯ, ಅರಂತೋಡಿನ ಜನ ಅದನ್ನು 2018ರಲ್ಲಿ ಅನ್ನ ಬಡಿಸಿ ತೋರಿಸಿದ್ದಾರೆ. ಆ ಕೈ ಹಗ್ಗ ಎಸೆಯಲಿಕ್ಕೆ ಇರುವುದು. ತಾಳ ಹಾಕಿ ನಗಲಿಕ್ಕಲ್ಲ.